ಮಸ್ಕಿ ಬಂಡೆ ಮತ್ತು ಹಿರಿಯ ಅಧಿಕಾರಿಗಳ ಅಧ್ಯಯನ ರಜೆ: ಒಂದು ಸಂಶೋಧನಾತ್ಮಕ ವಿವೇಚನೆ

ಹಿರಿಯ ಅಧಿಕಾರಿಗಳ ಅಧ್ಯಯನ ರಜೆ, ಮಧ್ಯಾವಧಿ ತರಬೇತಿ, ಅಧ್ಯಯನ ಪ್ರವಾಸ ಇತ್ಯಾದಿಗಳ ಉಗಮ ಎಲ್ಲಿ ಎಂಬ ಪ್ರಶ್ನೆಗೆ ವಿದ್ವಜ್ಜನರು ಇದುವರೆಗೆ ಮಸ್ಸೂರಿಯ ಕಡೆ ಕೈ ತೋರಿಸಿದ್ದಾರೆ. 1959ರಲ್ಲಿ ಆ ಬೆಟ್ಟದ ಮೇಲೆ ಆಡಳಿತ ಅಕಾಡೆಮಿ ನೆಲೆಗೊಂಡಿತು. ಅಲ್ಲಿಂದ ತರಬೇತಿಯೆಂಬ ಗಂಗೆ ಕೆಳಗಿಳಿದು, ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯನ್ನು ಹಾದು, ಜಿಲ್ಲಾ ತರಬೇತಿ ಸಂಸ್ಥೆಗಳ ಪ್ಲಾಸ್ಟಿಕ್ ಕುರ್ಚಿಗಳವರೆಗೆ ಹರಿದುಬಂತು ಎಂಬುದು ರೂಢಿಯ ಮತ. ಪ್ರಸ್ತುತ ಪ್ರಬಂಧ ಈ ಮತವನ್ನು ಖಂಡಿಸುತ್ತದೆ. ಉಗಮ ಮಸ್ಸೂರಿಯಲ್ಲಿಲ್ಲ, ಮಸ್ಕಿಯಲ್ಲಿದೆ. ಎರಡೂ ಊರಿನ ಹೆಸರಿನ ಮೊದಲೆರಡು ಅಕ್ಷರ ಹೆಚ್ಚುಕಡಿಮೆ ಒಂದೇ ಆದದ್ದರಿಂದ ಹಿಂದಿನವರಿಗೆ ಗೊಂದಲವಾಗಿರಬೇಕು.

ಆಧಾರ ಕಲ್ಲಿನಷ್ಟೇ ಗಟ್ಟಿಯಾಗಿದೆ, ಏಕೆಂದರೆ ಅದು ಕಲ್ಲೇ. ರಾಯಚೂರು ಜಿಲ್ಲೆಯ ಮಸ್ಕಿಯ ದುರ್ಗದ ಗುಡ್ಡದಲ್ಲಿ 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್ ಬ್ರಾಹ್ಮಿ ಲಿಪಿಯ ಶಾಸನವೊಂದನ್ನು ಕಂಡರು. ಹುಡುಕುತ್ತಿದ್ದದ್ದು ಚಿನ್ನ, ಸಿಕ್ಕಿದ್ದು ಸುತ್ತೋಲೆ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಸಂಪಾದಿಸಿದರು. ನಿಜಾಮರ ಪುರಾತತ್ತ್ವ ಇಲಾಖೆ ತನ್ನ ಮಾಲೆಯ ಮೊದಲ ಪುಸ್ತಕವಾಗಿ ಅದನ್ನು ಹೊರತಂದಿತು. ಶಾಸನದ ಮಹತ್ವ ಇಷ್ಟು: 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಬಿಡಿಸಿದಾಗಿನಿಂದಲೂ ಬಂಡೆಗಳ ಮೇಲೆ ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಕಾಣಿಸುತ್ತಿತ್ತು. ಆ ಬಿರುದಿನ ಹಿಂದಿರುವವನು ಅಶೋಕನೇ ಎಂದು ಸಿಂಹಳದ ಗ್ರಂಥಗಳಿಂದ ಊಹಿಸಿದ್ದರೂ ಕಲ್ಲಿನ ಸಾಕ್ಷ್ಯ ಇರಲಿಲ್ಲ. ಮಸ್ಕಿಯಲ್ಲಿ ಮೊದಲ ಬಾರಿಗೆ ಹೆಸರು ಸಿಕ್ಕಿತು. ಆಡಳಿತದ ಪರಿಭಾಷೆಯಲ್ಲಿ ಹೇಳುವುದಾದರೆ, ದೇಶದ ತುಂಬ ಪದನಾಮದ ಮೊಹರು ಮಾತ್ರ ಒತ್ತಿ ಕಳಿಸಿದ್ದ ಅಧಿಕಾರಿ, ಮಸ್ಕಿಯ ಕಡತದಲ್ಲಿ ಹೆಸರು ಬರೆದು ಸಿಕ್ಕಿಬಿದ್ದ.

ಇನ್ನು ಶಾಸನದ ವಿಷಯ. ಇತಿಹಾಸಕಾರರು ಇದನ್ನು ಧರ್ಮಶಾಸನ ಎನ್ನುತ್ತಾರೆ. ಸೇವಾ ನಿಯಮಗಳನ್ನು ಓದಿದವರಿಗೆ ಇದು ರಜೆ ಮುಗಿಸಿ ಬಂದ ಹಿರಿಯ ಅಧಿಕಾರಿಯೊಬ್ಬನ ವರದಿ ಎಂಬುದು ಮೊದಲ ಸಾಲಿನಲ್ಲೇ ಹೊಳೆಯುತ್ತದೆ. ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು. ಸಂಘದ ಬಳಿಗೆ ಹೋಗಿ ಶ್ರಮಿಸತೊಡಗಿ ಒಂದು ವರ್ಷಕ್ಕೂ ಮೇಲಾಯಿತು ಎನ್ನುತ್ತಾನೆ ರಾಜ. ದಾಖಲಾತಿಯ ದಿನಾಂಕ, ಸಂಸ್ಥೆಯ ಹೆಸರು, ಅವಧಿ, ಫಲಿತಾಂಶ: ಇಷ್ಟು ಇದ್ದರೆ ಯಾವ ಅಧೀನ ಕಾರ್ಯದರ್ಶಿಯೂ ಕಡತ ವಾಪಸು ಕಳಿಸುವುದಿಲ್ಲ.

ಇಲ್ಲೊಂದು ಪೂರ್ವಪಕ್ಷ ಏಳುತ್ತದೆ: ಅಶೋಕ ಅಧ್ಯಯನ ರಜೆಗೆ ಅರ್ಹನಾಗಿದ್ದನೇ? ಕೇಂದ್ರದ 1972ರ ರಜಾ ನಿಯಮಗಳ ಪ್ರಕಾರ ಕನಿಷ್ಠ ಐದು ವರ್ಷ ಸೇವೆಯಾಗಿರಬೇಕು. ಕಳಿಂಗ ಯುದ್ಧ ನಡೆದದ್ದೇ ಪಟ್ಟವೇರಿ ಎಂಟು ವರ್ಷವಾದ ಮೇಲೆ, ಷರತ್ತು ಪೂರೈಸಿದೆ. ರಜೆಯಿಂದ ಮರಳಿ ಮೂರು ವರ್ಷದೊಳಗೆ ನಿವೃತ್ತಿಯಾಗುವಂತಿರಬಾರದು, ಮುಚ್ಚಳಿಕೆಯಂತೆ ಸೇವೆ ಸಲ್ಲಿಸಬೇಕು. ಪಟ್ಟದ 26 ಮತ್ತು 27ನೆಯ ವರ್ಷದ ಸ್ತಂಭ ಶಾಸನಗಳೇ ಸಿಕ್ಕಿರುವುದರಿಂದ ಮುಚ್ಚಳಿಕೆಯ ಉಲ್ಲಂಘನೆಯಾಗಿಲ್ಲ. ದೇಶದಲ್ಲೇ ಸಾಕಷ್ಟು ಅನುಕೂಲವಿರುವ ವಿಷಯಕ್ಕೆ ವಿದೇಶದಲ್ಲಿ ಅಧ್ಯಯನ ರಜೆ ಸಲ್ಲದು. ಬುದ್ಧನ ನಾಡಿನವನೇ ಆಗಿದ್ದರಿಂದ ಆ ತಕರಾರೂ ಬರುವುದಿಲ್ಲ. ಇಷ್ಟು ನಿರ್ದೋಷವಾದ ಅರ್ಜಿ ಆಮೇಲೆ ಬಂದಿರುವುದು ಸಂಶಯ.

ಆದರೆ ಇದೇ ಶಾಸನದ ಬೇರೆ ಪ್ರತಿಗಳಲ್ಲಿ ಒಂದು ತಲೆನೋವಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪ್ರತಿಯಲ್ಲಿ, ಮೊದಲ ಒಂದು ವರ್ಷ ತಾನು ಹೆಚ್ಚು ಶ್ರಮಿಸಲಿಲ್ಲ ಎಂದು ರಾಜ ಬಾಯಿಬಿಟ್ಟು ಒಪ್ಪಿಕೊಳ್ಳುತ್ತಾನೆ. ತರಬೇತಿಯ ಇತಿಹಾಸದಲ್ಲಿ ಇದಕ್ಕೆ ಹಿಂದೆಯೂ ಮುಂದೆಯೂ ಸಾಟಿ ಇಲ್ಲ. ಇಂದು ತರಬೇತಿಯಿಂದ ಮರಳಿದ ಯಾವ ಅಧಿಕಾರಿಯ ವರದಿಯನ್ನಾದರೂ ತೆರೆಯಿರಿ: ‘ಅತ್ಯಂತ ಉಪಯುಕ್ತವಾಗಿತ್ತು’ ಎಂದಿರುತ್ತದೆ, ಊಟದ ವ್ಯವಸ್ಥೆಯ ಬಗ್ಗೆ ಒಂದು ಮಾತು ಹೆಚ್ಚಾಗಿರಬಹುದು. ‘ವರ್ಷವಿಡೀ ಏನೂ ಕಡಿದು ಕಟ್ಟೆ ಹಾಕಲಿಲ್ಲ’ ಎಂದು ಬರೆದು, ಅದನ್ನು ಬಂಡೆಗೆ ಕೆತ್ತಿಸಿ, ಅರ್ಧ ಭಾರತಕ್ಕೆ ಪ್ರತಿ ಕಳಿಸಿದವನು ಅಶೋಕನೊಬ್ಬನೇ. ಮಸ್ಕಿಯಲ್ಲಿ ಬಂಡೆ ಸವೆದಿದ್ದು ಈ ಮಾತು ಓದಲು ಸಿಗುವುದಿಲ್ಲ. ಮಳೆಗಾಳಿಯ ಕೆಲಸ ಎಂದು ಪುರಾತತ್ತ್ವಜ್ಞರು ಹೇಳಬಹುದು. ಹೆಸರಿರುವ ಪ್ರತಿಯಲ್ಲಿ ತಪ್ಪೊಪ್ಪಿಗೆ ಇಲ್ಲ, ತಪ್ಪೊಪ್ಪಿಗೆ ಇರುವ ಬ್ರಹ್ಮಗಿರಿಯ ಪ್ರತಿಯಲ್ಲಿ ಹೆಸರಿಲ್ಲ ಎಂಬುದನ್ನು ಗಮನಿಸಿದ ಆಡಳಿತಜ್ಞರಿಗೆ ಬೇರೆಯೇ ಅನುಮಾನ.

ಮುಂದೆ ಪ್ರಯಾಣ ಭತ್ಯೆಯ ಪ್ರಶ್ನೆ. ಬ್ರಹ್ಮಗಿರಿಯೂ ಸೇರಿ ಹಲವು ಪ್ರತಿಗಳ ಕೊನೆಗೆ 256 ಎಂಬ ಅಂಕಿಯಿದೆ. ಬ್ಯೂಲರ್‌ನಂಥ ಪಂಡಿತ ಅದನ್ನು ಬುದ್ಧನಿರ್ವಾಣದ ನಂತರದ 256 ವರ್ಷ ಎಂದು ತಿಳಿದ. ಆಮೇಲೆ ಎಫ್. ಡಬ್ಲ್ಯು. ಥಾಮಸ್, ಸಹಸ್ರಾಂ ಪ್ರತಿಯ ಬಲದಿಂದ, ಅದು ಪ್ರವಾಸದಲ್ಲಿ ಕಳೆದ 256 ರಾತ್ರಿ ಎಂದು ತೋರಿಸಿದ. ಈಗ ಬಹುಮಂದಿ ಒಪ್ಪುವುದು ಇದನ್ನೇ. ಬ್ಯೂಲರ್ ಎಂದೂ ಸರ್ಕಾರಿ ಪ್ರವಾಸದ ಬಿಲ್ಲು ನೋಡಿರಲಿಲ್ಲ ಎಂಬುದಷ್ಟೇ ಈ ತಪ್ಪಿಗೆ ಕಾರಣ. ಕೊನೆಯ ಸಾಲಿನಲ್ಲಿ ಒಂಟಿಯಾಗಿ ನಿಂತ ಅಂಕಿ ರಾತ್ರಿ ವಸತಿಯದ್ದಲ್ಲದೆ ಇನ್ನೇನಿರಲು ಸಾಧ್ಯ? ಕರ್ನಾಟಕದ ನೌಕರನೊಬ್ಬ 300 ದಿನಗಳವರೆಗೆ ಗಳಿಕೆ ರಜೆ ಕೂಡಿಡಬಹುದು. ಆ ಲೆಕ್ಕದಲ್ಲಿ ಚಕ್ರವರ್ತಿಯ ಖಾತೆಯಲ್ಲಿ ಇನ್ನೂ 44 ದಿನ ಬಾಕಿ. ಅದರ ನಗದೀಕರಣ ಆಗಿದೆಯೇ ಎಂದು ಮಹಾಲೇಖಪಾಲರೇ ಹೇಳಬೇಕು.

ಈ ತರಬೇತಿಯ ಫಲವಾಗಿ ಕಾರ್ಯ ‘ಒಂದೂವರೆಯಷ್ಟು’ ಬೆಳೆಯುವುದೆಂದು ಮಸ್ಕಿ ಶಾಸನ ಆಶ್ವಾಸನೆ ಕೊಡುತ್ತದೆ. ಶೇ. 50 ಏರಿಕೆ! ಕರ್ನಾಟಕದ ಏಳನೆಯ ವೇತನ ಆಯೋಗ ಶೇ. 27.5ಕ್ಕೆ ನಿಂತಿತು, ಅದೂ 2024ರ ಆಗಸ್ಟ್‌ವರೆಗೆ ಕಾಯಿಸಿ. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಇದು ಸಾಧ್ಯ ಎಂದು ಶಾಸನ ಒತ್ತಿ ಹೇಳಿದೆ. ‘ಡಿ’ ಗುಂಪಿನ ನೌಕರರ ಸಂಘಗಳು ಈ ಸಾಲನ್ನು ಇನ್ನೂ ಗಮನಿಸಿದಂತಿಲ್ಲ.

ಅಶೋಕ ತಾನೊಬ್ಬನೇ ಕಲಿತು ಸುಮ್ಮನಾಗಲಿಲ್ಲ. ಧೌಲಿಯ ಪ್ರತ್ಯೇಕ ಶಾಸನದಲ್ಲಿ (ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಅದರ ಪ್ರತಿ ದೊರೆತಿದೆ) ನಗರದ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳಿಗೆ ಅವರ ದೋಷಗಳ ಪಟ್ಟಿಯನ್ನೇ ಕೊಡುತ್ತಾನೆ: ಅಸೂಯೆ, ಸಿಡುಕು, ಕ್ರೌರ್ಯ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ಬಳಲಿಕೆ. ಇದನ್ನು ತಿಷ್ಯ ನಕ್ಷತ್ರದ ದಿನ ಓದಿಸಬೇಕು, ನಡುನಡುವೆಯೂ ಓದಿಸಬಹುದು, ಕೇಳುವವನು ಒಬ್ಬನೇ ಇದ್ದರೂ ಸರಿ. ಐದು ವರ್ಷಕ್ಕೊಮ್ಮೆ ಮೃದು ಸ್ವಭಾವದ ಅಧಿಕಾರಿಯೊಬ್ಬನನ್ನು ತಪಾಸಣೆಗೆ ಕಳಿಸುವೆ ಎನ್ನುತ್ತಾನೆ. ಉಜ್ಜಯಿನಿಯಿಂದಲೂ ತಕ್ಷಶಿಲೆಯಿಂದಲೂ ಮೂರೇ ವರ್ಷಕ್ಕೊಮ್ಮೆ. 2020ರಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಮಿಷನ್ ಕರ್ಮಯೋಗಿ’ ಇದೇ ಕೆಲಸವನ್ನು ಮೊಬೈಲಿನಲ್ಲಿ ಮಾಡುತ್ತದೆ. ಪಾಠದ ವಿಡಿಯೊ ಓಡಿ ಮುಗಿದರೆ ಪ್ರಮಾಣಪತ್ರ. ಪಾಠ ನಡೆಯುವಾಗ ಕೇಳುವವರು ಎದುರಿಗಿರಬೇಕೆಂಬ ವಿಷಯದಲ್ಲಿ ಮಾತ್ರ ಮೌರ್ಯರ ಪದ್ಧತಿಯೇ ಬಿಗಿಯಾಗಿತ್ತು.

ಹಾಗಾದರೆ ಮಸ್ಕಿಯ ನೆರೆಯ ಲಿಂಗಸುಗೂರಿನ ಕೊಡುಗೆಯೇನು? ಮಸ್ಕಿ ಇತ್ತೀಚೆಗೆ ತಾಲ್ಲೂಕಾಗುವವರೆಗೂ ಲಿಂಗಸುಗೂರಿಗೇ ಸೇರಿತ್ತು. ಲಿಂಗಸುಗೂರು ಸ್ವತಃ ಹೈದರಾಬಾದ್ ಕಂಟಿಂಜೆಂಟಿನ ದಂಡಿದ್ದ ಊರು, 1905ರವರೆಗೆ ಜಿಲ್ಲಾ ಕೇಂದ್ರ. ಪಕ್ಕದ ಸುರಪುರದಲ್ಲಿ 1841ರಿಂದ ಆಡಳಿತ ನೋಡಿದ ಮೆಡೋಸ್ ಟೇಲರ್ ಅಧ್ಯಯನ ರಜೆಯ ಎರಡನೆಯ ಮಹಾಪುರುಷ. ಹದಿನೈದರ ಹರೆಯದಲ್ಲಿ ಭಾರತಕ್ಕೆ ಬಂದು, ನಿಜಾಮರ ಸೇವೆ ಸೇರಿ, ದೀರ್ಘ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾತ 1839ರಲ್ಲಿ ಠಕ್ಕರ ಕುರಿತ ಕಾದಂಬರಿ ಪ್ರಕಟಿಸಿದ. ವಿಕ್ಟೋರಿಯಾ ರಾಣಿ ಅಚ್ಚಿನ ಹಾಳೆಗಳನ್ನೇ ತರಿಸಿಕೊಂಡು ಓದಿದಳೆಂದು ಪ್ರತೀತಿ. ಈಚಿನ ಅಧಿಕಾರಿಗಳು ರಜೆಯಲ್ಲಿ ಬರೆಯುವ ಪ್ರೌಢಪ್ರಬಂಧಗಳನ್ನು ಮಾರ್ಗದರ್ಶಕರು ಓದಿದ್ದರೂ ಸಾಧನೆಯೇ. ಮೋಜಣಿ, ಇಂಜಿನಿಯರಿಂಗ್, ಕಾನೂನು ಎಲ್ಲವನ್ನೂ ಟೇಲರ್ ಸ್ವಂತವಾಗಿ ಕಲಿತ. ಅವನ ಬಂಗಲೆ ‘ಟೇಲರ್ ಮಂಜಿಲ್’ ಇಂದಿಗೂ ಸುರಪುರದ ಗುಡ್ಡದ ಮೇಲಿದೆ. ತರಬೇತಿ ಸಂಸ್ಥೆ ಇಲ್ಲದಿದ್ದಾಗ ಅಧಿಕಾರಿಗಳು ಎಷ್ಟೆಲ್ಲ ಕಲಿತುಬಿಡುವ ಅಪಾಯವಿತ್ತು ಎಂಬುದಕ್ಕೆ ಇದು ನಿದರ್ಶನ.

ಮಸ್ಕಿಯ ಇನ್ನೊಂದು ನೆರೆಯೂರಾದ ಸಿಂಧನೂರಿನಲ್ಲಿ ಸಂಶೋಧನೆ ಪ್ರಾಯೋಗಿಕ ಹಂತಕ್ಕೆ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಈ ಭತ್ತದ ನಾಡಿನಲ್ಲಿ ರಜೆಯನ್ನು ರಜೆ ಹಾಕಿದವರ ಕಡೆಯಿಂದಲ್ಲ, ಕಚೇರಿಯ ಬಾಗಿಲಲ್ಲಿ ನಿಂತವರ ಕಡೆಯಿಂದ ಅಳೆಯುತ್ತಾರೆ. ಕಾಲುವೆಯ ಕೊನೆಯಂಚಿಗೆ ನೀರು ಮುಟ್ಟಿಲ್ಲವೆಂದು ಅರ್ಜಿ ಹಿಡಿದುಬಂದ ರೈತನಿಗೆ ಬಾಗಿಲ ಬಳಿಯ ಜವಾನ ಹೇಳುವುದು ಒಂದೇ ಮಾತು: “ಸಾಹೇಬ್ರು ಟ್ರೇನಿಂಗಿಗೆ ಹೋಗ್ಯಾರ ಕಾಕಾ, ಸೋಮವಾರ ಬರ್ರಿ.” ಯಾವ ಸೋಮವಾರ ಎಂದು ಕೇಳುವಷ್ಟು ಹಟ ರೈತನಿಗಿದ್ದರೆ, “ಇನ್‌ಚಾರ್ಜ್ ಇದ್ದವ್ರು ಸಹಿ ಹಾಕಂಗಿಲ್ರಿ” ಎಂಬ ಪೂರಕ ಸೂತ್ರವೂ ಸಿದ್ಧವಿರುತ್ತದೆ. ಇದು ಯಾವ ಕಚೇರಿ ಎನ್ನುವುದು ಇಲ್ಲಿ ಅಪ್ರಸ್ತುತ, ಸೂತ್ರ ಸಾರ್ವತ್ರಿಕ. ಪ್ರಭಾರಿ ಅಧಿಕಾರಿಯ ಶಾಸ್ತ್ರ ಇನ್ನೂ ಬರೆಯಲ್ಪಟ್ಟಿಲ್ಲ. ಇಬ್ಬರ ಕುರ್ಚಿಯಲ್ಲಿ ಒಬ್ಬನೇ ಕೂತರೂ ಎರಡೂ ಖಾಲಿಯಾಗಿ ಕಾಣುವ ಈ ವಿಸ್ಮಯಕ್ಕೆ ವೇದಾಂತಿಗಳೇ ವಿವರಣೆ ಕೊಡಬೇಕು.

ಅಶೋಕನಿಗೂ ಈ ದೂರು ಮುಟ್ಟಿದಂತಿದೆ. ಆರನೆಯ ಬಂಡೆ ಶಾಸನದಲ್ಲಿ ಅವನು, ತಾನು ಊಟಕ್ಕೆ ಕೂತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಜನರ ವಿಷಯವನ್ನು ಎಲ್ಲಿಗಾದರೂ ಯಾವಾಗಲಾದರೂ ತಂದು ಒಪ್ಪಿಸಿ ಎನ್ನುತ್ತಾನೆ. ಎಂಟನೆಯದರಲ್ಲಿ, ಹಿಂದಿನ ರಾಜರು ಬೇಟೆ, ಮೋಜಿಗೆಂದು ವಿಹಾರಯಾತ್ರೆ ಹೋಗುತ್ತಿದ್ದರು, ತಾನು ಧರ್ಮಯಾತ್ರೆ ಶುರುಮಾಡಿದೆ ಎಂದೂ ಹೇಳಿಕೊಳ್ಳುತ್ತಾನೆ. ಎರಡಕ್ಕೂ ಭತ್ಯೆಯ ದರ ಒಂದೇ ಇತ್ತೋ ಬೇರೆಯೋ, ಶಾಸನ ಮೌನವಾಗಿದೆ.

ಕೊನೆಯದಾಗಿ ಗುಮಾಸ್ತರ ವಿಚಾರ. ಇದು ಹಿರಿಯ ಅಧಿಕಾರಿಗಳ ಕುರಿತ ಪ್ರಬಂಧವಾದ್ದರಿಂದ ಕೊನೆಗೇ ಬರುವುದು ನ್ಯಾಯ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಕಿರುಶಾಸನದಲ್ಲಿ ಆನೆ ಸವಾರರಿಗೂ ಲೆಕ್ಕಿಗರಿಗೂ ಶಿಕ್ಷಣ ಕೊಡಿ ಎಂಬ ಆಜ್ಞೆಯಿದೆ. ಅದನ್ನು ಕೆತ್ತಿದವನು ಹಲವು ಸಾಲುಗಳನ್ನು ಎಡದಿಂದ ಬಲಕ್ಕೂ ನಡುವೆ ಕೆಲವನ್ನು ಬಲದಿಂದ ಎಡಕ್ಕೂ ಬರೆದು, ಆಜ್ಞೆಯ ತುರ್ತು ಎಷ್ಟೆಂಬುದನ್ನು ತಾನೇ ಸಾಬೀತುಮಾಡಿದ್ದಾನೆ. ಬ್ರಹ್ಮಗಿರಿಯಲ್ಲಿ ಚಪಡನೆಂಬ ಲಿಪಿಕಾರನಿದ್ದಾನೆ. ಸುವರ್ಣಗಿರಿಯ ಆರ್ಯಪುತ್ರ, ಇಸಿಲದ ಮಹಾಮಾತ್ರರು, ಕುಶಲ ವಿಚಾರಣೆ, ಚಕ್ರವರ್ತಿಯ ರಜೆಯ ವಿವರ ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ತನ್ನ ವೃತ್ತಿಯನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ಗಾಂಧಾರದ ಕಡೆಯಿಂದ ಮೊಳಕಾಲ್ಮೂರು ತಾಲ್ಲೂಕಿಗೆ ವರ್ಗವಾಗಿ ಬಂದವನಿರಬೇಕು. ಪಕ್ಕದ ಸಿದ್ಧಾಪುರ, ಜಟಿಂಗ ರಾಮೇಶ್ವರದ ಪ್ರತಿಗಳೂ ಅವನ ಕೈಕೆಲಸವೇ. ಮೂರು ಬಂಡೆಗಳ ಕೆಲಸ ಒಬ್ಬನ ತಲೆಯ ಮೇಲೆ ಬಿದ್ದ ಈ ನೌಕರ ರಜೆ ಕೇಳಿ ಅರ್ಜಿ ಬರೆದಿದ್ದರೆ ಅದು ತಾಳೆಗರಿಯ ಮೇಲಿದ್ದಿರಬೇಕು. ಕಲ್ಲಿನ ಮೇಲಂತೂ ಸಿಕ್ಕಿಲ್ಲ.