ಪೀಠಕ್ಕಿದೆ, ಪಿಂಚಣಿಗಿಲ್ಲ

(ರಾಜ್ಯದ ಯಾವುದೋ ಒಂದು ವಿಶ್ವವಿದ್ಯಾಲಯ. ಕುಲಪತಿಗಳ ಅವಧಿ ಮುಗಿಯಲು ವಾರವಿದೆ.)

ಕುಲಪತಿ: ನಾಲ್ಕು ವರ್ಷ ಹೇಗೆ ಹೋಯಿತೋ! ಇನ್ನೊಂದು ಅವಧಿ ಸಿಕ್ಕಿದ್ದರೆ...

ಆಪ್ತ ಸಹಾಯಕ: ಕಾಯ್ದೆಯಲ್ಲಿ 67 ಅಂತಿದೆ ಸಾರ್.

ಕುಲಪತಿ: ವಯಸ್ಸು ಮನಸ್ಸಿಗೆ ಸಂಬಂಧಿಸಿದ್ದು ಕಣಯ್ಯ.

ಸಹಾಯಕ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಸಂಬಂಧಿಸಿದ್ದು ಸಾರ್.

ಕುಲಪತಿ: ಹೋಗಲಿ, ಮುಂದಿನವರು ಯಾರಂತೆ?

ಸಹಾಯಕ: ಶೋಧನಾ ಸಮಿತಿ ಕೂತಿದೆ. ಕುಲಾಧಿಪತಿಗಳ ಕಡೆಯವರೊಬ್ಬರು, ಸರ್ಕಾರದವರೊಬ್ಬರು, ಯುಜಿಸಿಯವರೊಬ್ಬರು, ಸಿಂಡಿಕೇಟಿನವರೊಬ್ಬರು. ನಾಲ್ವರೂ ಸೇರಿ ಮೂರು ಹೆಸರು ಹುಡುಕಬೇಕು.

ಕುಲಪತಿ: ಸಿಕ್ಕವೇ?

ಸಹಾಯಕ: ಜಾತಿ ಸಿಕ್ಕಿದೆ, ಜಿಲ್ಲೆಯೂ ಸಿಕ್ಕಿದೆ. ಯಾವ ವಿಷಯದ ವಿದ್ವಾಂಸರು ಅಂತ ಇನ್ನೂ ಹುಡುಕುತ್ತಿದ್ದಾರೆ.

ಕುಲಪತಿ: ಹತ್ತು ವರ್ಷ ಪ್ರಾಧ್ಯಾಪಕರಾಗಿರಬೇಕಲ್ಲವೇ?

ಸಹಾಯಕ: ಆಗಿದ್ದರೆ ಸಾಕು ಸಾರ್. ಪಾಠ ಮಾಡಿರಬೇಕು ಅಂತೇನಿಲ್ಲ.

(ನಡುವೆ ನನ್ನದೊಂದು ಮಾತು: 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯಕ್ಕೆ ಕುವೆಂಪು ಕುಲಪತಿಯಾಗಿದ್ದರು. ಈಗ ಅರ್ಜಿ ಹಾಕಿದ್ದರೆ ‘ಯಾರ ಕಡೆಯವರು?’ ಎಂದೇ ಮೊದಲು ಕೇಳುತ್ತಿದ್ದರು.)

ಕುಲಪತಿ: ನನ್ನ ಕಡತ ಏನಾಯ್ತು? ನಿವೃತ್ತಿ ನಂತರ ಕಾರು, ಚಾಲಕ, ನನ್ನ ಹೆಸರಿನಲ್ಲೊಂದು ಅಧ್ಯಯನ ಪೀಠ, ಅದಕ್ಕೆ ನಾನೇ ಗೌರವ ಮುಖ್ಯಸ್ಥ...

ಸಹಾಯಕ: ಸಿಂಡಿಕೇಟ್ ಚಪ್ಪಾಳೆ ತಟ್ಟಿ ಒಪ್ಪಿತು ಸಾರ್. ಕಾಫಿ ಬರುವ ಮೊದಲೇ.

ಕುಲಪತಿ: ಮತ್ತೆ ಹೊರಗೇನು ಗಲಾಟೆ?

ಸಹಾಯಕ: ನಿವೃತ್ತ ಅಧ್ಯಾಪಕರು. ಹೋದ ತಿಂಗಳ ಪಿಂಚಣಿ ಕೇಳ್ತಿದ್ದಾರೆ. ಪಕ್ಕದಲ್ಲಿ ಅತಿಥಿ ಉಪನ್ಯಾಸಕರು ಸಂಬಳಕ್ಕೆ ಕೂತಿದ್ದಾರೆ.

ಕುಲಪತಿ: ಅಯ್ಯೋ, ಹಾಗಾದರೆ ದುಡ್ಡಿಲ್ಲವೇ?

ಸಹಾಯಕ: ನಿಮ್ಮ ಪೀಠಕ್ಕಿದೆ ಸಾರ್. ಅವರ ಪಿಂಚಣಿಗಿಲ್ಲ.