ಅಕ್ಕತಂಗಿಯರ ಆಯ್ಕೆ ಸಮಿತಿ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಮೇಕನ್ ಅಂತ ಒಂದು ಊರು. ಅಲ್ಲಿನ ವೆಸ್ಲಿಯನ್ ಕಾಲೇಜು ಹೆಣ್ಣುಮಕ್ಕಳಿಗೆ ಪದವಿ ಕೊಡುವುದಕ್ಕೆಂದೇ 1836ರಲ್ಲಿ ಸನದು ಪಡೆದದ್ದು. ಈ ವಿಷಯದಲ್ಲಿ ಜಗತ್ತಿಗೆಲ್ಲ ತಾನೇ ಮೊದಲು ಅನ್ನುವ ಹೆಮ್ಮೆ ಅದಕ್ಕಿದೆ. ಇರಲಿ, ಹೆಮ್ಮೆಪಡುವಂಥದ್ದೇ. ನನಗೆ ಕುತೂಹಲ ಹುಟ್ಟಿಸಿದ್ದು ಆಮೇಲಿನ ಕಥೆ. 1851ರ ಮೇ ತಿಂಗಳಲ್ಲಿ ಅಲ್ಲಿನ ಕೆಲವು ಹುಡುಗಿಯರು ಸೇರಿಕೊಂಡು ಅಡೆಲ್ಫಿಯನ್ ಅನ್ನುವ ಗುಟ್ಟಿನ ಸಂಘ ಕಟ್ಟಿದರು. ಹತ್ತು ತಿಂಗಳು ತುಂಬುವುದರೊಳಗೆ, 1852ರ ಮಾರ್ಚಿನಲ್ಲಿ, ಅದೇ ಕಾಲೇಜಿನಲ್ಲಿ ಫಿಲೋಮತಿಯನ್ ಅನ್ನುವ ಇನ್ನೊಂದು ಸಂಘ ಹುಟ್ಟಿತು. ಒಂದೇ ಬಡಾವಣೆಯಲ್ಲಿ ಎರಡು ಮಹಿಳಾ ಸಮಾಜ ಯಾಕಿರುತ್ತವೆ ಅಂತ ಬಲ್ಲವರಿಗೆ ನಾನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಈ ಎರಡೇ ಮುಂದೆ ಆಲ್ಫಾ ಡೆಲ್ಟಾ ಪೈ, ಫೈ ಮ್ಯೂ ಅಂತ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡು ದೇಶದ ತುಂಬ ಶಾಖೆ ತೆರೆದವು. ಇವತ್ತು ಅಮೆರಿಕದಲ್ಲಿ ಸೊರಾರಿಟಿ ಅಂದರೆ ಲೆಕ್ಕವಿಲ್ಲದಷ್ಟು ಹುಡುಗಿಯರು, ಅವರದೇ ಬಣ್ಣ, ಅವರದೇ ಹೂವು, ಹೊರಗಿನವರಿಗೆ ಹೇಳಬಾರದ ಮಂತ್ರ, ಎದೆಯ ಮೇಲೊಂದು ಪದಕ. ಇಷ್ಟಕ್ಕೂ ಒಟ್ಟು ಅರ್ಥ ಇಷ್ಟೇ: ನಾವು ಅಕ್ಕತಂಗಿಯರು.

ನನ್ನ ಸೋದರಮಾವನ ಮೊಮ್ಮಗಳು ಅದೇ ದಕ್ಷಿಣದ ಸೀಮೆಯ ಒಂದು ಮಹಿಳಾ ಕಾಲೇಜಿಗೆ ಸೇರಿದಳು. ಸೇರಿದ್ದೇ ತಡ, ಸೊರಾರಿಟಿಗೂ ಸೇರುತ್ತೇನೆ ಅಂತ ಮೈಸೂರಿನಲ್ಲಿರುವ ಅಜ್ಜಿಗೆ, ಅಂದರೆ ನನ್ನ ಅತ್ತೆಗೆ, ವಿಡಿಯೋ ಕಾಲ್‌ನಲ್ಲಿ ಹೇಳಿದಳು. ನಾನೂ ಪಕ್ಕದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಕೇಳಿದರು:

“ಪುಟ್ಟಿ, ನಿಮ್ಮ ಕಾಲೇಜಲ್ಲಿ ಹುಡುಗರೇ ಇಲ್ಲ ಅಂದಿದ್ಯಲ್ಲೇ?”

“ಇಲ್ಲ ಅಜ್ಜಿ.”

“ಮತ್ತೆ ಹುಡುಗೀರಿಗೆ ಬೇರೆ ಸಂಘ ಯಾತಕ್ಕೆ? ಯಾರಿಂದ ಬೇಲಿ ಹಾಕ್ಕೋತೀರಿ?”

ಪುಟ್ಟಿ ನೆಟ್‌ವರ್ಕಿಂಗ್, ಲೀಡರ್‌ಶಿಪ್ ಅಂತ ಏನೇನೋ ಅಂದಳು. ಅತ್ತೆಯ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಗಂಡುಮಕ್ಕಳ ಜೊತೆ ಓದಿದವರ ಕಥೆ ಬೇರೆ, ಅವರಿಗೆ ಬೇಲಿ ಬೇಕೇ ಇತ್ತು. ಇಂಡಿಯಾನಾದ ಗ್ರೀನ್‌ಕ್ಯಾಸಲ್‌ನಲ್ಲಿ ಈಗ ಡಿಪಾವ್ ಅಂತ ಕರೆಸಿಕೊಳ್ಳುವ ವಿಶ್ವವಿದ್ಯಾಲಯ 1867ರಲ್ಲಿ ಹೆಣ್ಣುಮಕ್ಕಳನ್ನು ಒಳಗೆ ಬಿಟ್ಟುಕೊಂಡಿತು. ಗಂಡುಮಕ್ಕಳು ಅವರನ್ನು ನೋಡಿ ಮೂಗು ಮುರಿದರು. ಬೆಟ್ಟಿ ಲಾಕ್ ಎಂಬಾಕೆಗೆ ಹುಡುಗರ ಒಂದು ಸಂಘ ತನ್ನ ಪದಕ ಧರಿಸಲು ಕೊಟ್ಟಿತಂತೆ, ಸದಸ್ಯತ್ವ ಮಾತ್ರ ಇಲ್ಲವಂತೆ. ಶೋಭೆಗೆ ನೀನು ಬೇಕು, ಪಂಕ್ತಿಗೆ ಬೇಡ ಅಂದಂತಾಯಿತು. ಆಕೆ ಇನ್ನೂ ಮೂವರನ್ನು ಕೂಡಿಕೊಂಡು 1870ರಲ್ಲಿ ಕಪ್ಪಾ ಆಲ್ಫಾ ಥೀಟಾ ಕಟ್ಟಿಯೇಬಿಟ್ಟಳು. ಇದು ನ್ಯಾಯವಾದ ಜಗಳ, ನನ್ನ ಓಟು ಬೆಟ್ಟಿಗೆ. ಮೇಕನ್ನಿನಲ್ಲಿ ಹೊರಗಿಡುವ ಹುಡುಗರು ಯಾರಿದ್ದರು? ಯಾರೂ ಇರಲಿಲ್ಲ. ಹಾಗಾಗಿ ಹೊರಗಿಡುವ ಕೆಲಸವನ್ನೂ ಹುಡುಗಿಯರೇ ವಹಿಸಿಕೊಳ್ಳಬೇಕಾಯಿತು.

ಆ ಕೆಲಸ ಹೇಗೆ ನಡೆಯುತ್ತದೆ ಅಂತ ಪುಟ್ಟಿಯ ಬಾಯಿಂದ ಕೇಳಬೇಕು. ಹಳಬರು ಅದನ್ನು ರಶ್ ಅನ್ನುತ್ತಿದ್ದರು, ಈಗ ರಿಕ್ರೂಟ್‌ಮೆಂಟ್. ನನಗೆ ಕೇಳಿಸಿದ್ದು ಮಾತ್ರ ಹೆಣ್ಣು ನೋಡುವ ಶಾಸ್ತ್ರವೇ. ಒಂದೊಂದು ಸುತ್ತಿಗೂ ಬೇರೆ ಬೇರೆ ಉಡುಪು. ಒಳಗಿನಿಂದ ಚಪ್ಪಾಳೆ, ಹಾಡು. ಬಾಗಿಲು ತೆರೆದರೆ ಹಲ್ಲುಬಿಟ್ಟ ಇಪ್ಪತ್ತು ಮುಖ. ಒಬ್ಬಳು ಕೈಹಿಡಿದು ಕೂರಿಸಿ ಮಾತಾಡಿಸುತ್ತಾಳೆ, ಐದೇ ನಿಮಿಷಕ್ಕೆ ಇನ್ನೊಬ್ಬಳು ಬಂದು ಅವಳ ಜಾಗದಲ್ಲಿ ಕೂರುತ್ತಾಳೆ. ಹುಡುಗಿ ಹೊರಗೆ ಹೋದ ಮೇಲೆ ಒಳಗೆ ಚರ್ಚೆ. ನಮ್ಮಲ್ಲಾದರೆ ಉಪ್ಪಿಟ್ಟು ಕೇಸರಿಬಾತು ಸಿಗುತ್ತಿತ್ತು. ಅಲ್ಲಿ ಹೆಚ್ಚಿನ ಸುತ್ತುಗಳಿಗೆ ಒಂದು ಲೋಟ ನೀರೇ ಗತಿ. ಇನ್ನೊಂದು ವ್ಯತ್ಯಾಸವೂ ಉಂಟು. ಅಲ್ಲಿ ಗಂಡಿನ ಕಡೆಯವರು ಅಂತ ಯಾರೂ ಇಲ್ಲ. ನೋಡುವವಳೂ ಹೆಣ್ಣು, ತೋರಿಸಿಕೊಳ್ಳುವವಳೂ ಹೆಣ್ಣು, ಹೋದ ವರ್ಷ ತೋರಿಸಿಕೊಂಡವಳು ಈ ವರ್ಷ ಕಾಲುಮೇಲೆ ಕಾಲು ಹಾಕಿಕೊಂಡು ನೋಡುವವಳು.

ಮಾತಾಡುವುದಕ್ಕೂ ನಿಯಮವಿದೆ ಕಣ್ರೀ. ಐದು ವಿಷಯ ಎತ್ತಲೇಬಾರದು ಅಂತ ಹಿರಿಯ ಹುಡುಗಿಯರು ಹೊಸಬರ ಕಿವಿಗೆ ಹಾಕಿ ಕಳಿಸುತ್ತಾರೆ: ಹುಡುಗರು, ಹೆಂಡ, ದೇವರು, ದುಡ್ಡು, ರಾಜಕೀಯ. ಇದನ್ನು ಕೇಳಿ ಅತ್ತೆ ನಿಜಕ್ಕೂ ಗಾಬರಿಯಾದರು. “ಅಯ್ಯೋ, ಅದೆಲ್ಲ ಬಿಟ್ಟು ಮನುಷ್ಯರು ಇನ್ನೇನು ಮಾತಾಡ್ತಾರೆ?” ಅಂದರು. ಪುಟ್ಟಿ ನಾಯಿಗಳ ಬಗ್ಗೆ ಮಾತಾಡಿದಳಂತೆ. ನಾಲ್ಕು ‘ಮನೆ’ಯಲ್ಲೂ (ಸೊರಾರಿಟಿಗೆ ಅಲ್ಲಿ ಮನೆ ಅಂತಲೇ ಹೆಸರು) ನಾಯಿಯೇ. ಮನೆಯಲ್ಲಿ ಇವಳಿಗೆ ನಾಯಿಯೇ ಇಲ್ಲ ಅನ್ನುವುದು ಬೇರೆ ಮಾತು.

ಜಾತಕ ಕೂಡಿಸುವ ಕೆಲಸ ಕಂಪ್ಯೂಟರಿನದು. ಹುಡುಗಿಯರು ತಮಗೆ ಹಿಡಿಸಿದ ಮನೆಗಳನ್ನು ಸಾಲಾಗಿ ಬರೆಯುತ್ತಾರೆ, ಮನೆಯವರು ತಮಗೆ ಹಿಡಿಸಿದ ಹುಡುಗಿಯರನ್ನು. ಎರಡು ಪಟ್ಟಿಯನ್ನೂ ಯಂತ್ರ ಕೂಡಿಸಿ ಕಳೆಯುತ್ತದೆ. ಕೊನೆಯ ಸುತ್ತಿನಲ್ಲಿ ದೀಪ ಮಂದವಾಗುತ್ತದೆ, ದನಿ ಗದ್ಗದವಾಗುತ್ತದೆ, ಹಿರಿಯಳೊಬ್ಬಳು ಈ ಮನೆ ತನ್ನನ್ನು ಹೇಗೆ ಕಾಪಾಡಿತು ಅಂತ ಅಳುತ್ತಾಳೆ. ಆಮೇಲೆ ಹುಡುಗಿ ಒಂದು ಒಪ್ಪಂದಕ್ಕೆ ರುಜು ಹಾಕಬೇಕು. ತಾನು ಪಟ್ಟಿಯಲ್ಲಿ ಬರೆದ ಮನೆಯಿಂದ ಕರೆ ಬಂದು, ಆಗ ಒಲ್ಲೆ ಅಂದಳೋ, ಅದೇ ಕಾಲೇಜಿನ ಇನ್ನೊಂದು ಸೊರಾರಿಟಿಗೆ ಸೇರಲು ಮುಂದಿನ ವರ್ಷದವರೆಗೆ ಕಾಯಬೇಕು. ಪೂರ್ತಿ ದೀಕ್ಷೆಯಾದ ಮೇಲಂತೂ ಮುಗಿಯಿತು. 1902ರಲ್ಲಿ ಇಂಥ ಕೆಲವು ಸಂಘಗಳು ಕೂಡಿ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಅನ್ನುವ ಒಕ್ಕೂಟ ಮಾಡಿಕೊಂಡವು. ಅದರ ನಿಯಮದಂತೆ, ಒಂದು ಮನೆಯನ್ನು ಬಿಟ್ಟು ಬಂದವಳು ಒಕ್ಕೂಟದ ಇನ್ನೊಂದು ಮನೆಗೆ ಜನ್ಮದಲ್ಲಿ ಸೇರುವಂತಿಲ್ಲ. ವಿಚ್ಛೇದನ ಉಂಟು, ಮರುಮದುವೆ ಇಲ್ಲ. ಸ್ತ್ರೀಸ್ವಾತಂತ್ರ್ಯದ ನಾಡಿನಲ್ಲಿ ಇದೂ ಇದೆಯಲ್ಲ ಅಂತ ನನಗೆ ಒಳಗೊಳಗೇ ನಗು.

ಈಗ ಮೋಜು ನೋಡಿ. ಈ ಸಂಘಗಳನ್ನು ಹೆತ್ತ ವೆಸ್ಲಿಯನ್ ಕಾಲೇಜೇ 1914ರಲ್ಲಿ ಅವುಗಳನ್ನು ಹೊರಗೆ ಹಾಕಿತು. ದೇಶದ ತುಂಬ ಮನೆ ಮಾಡಿದ ಇಬ್ಬರಿಗೂ ತವರಿನಲ್ಲಿ ಮಾತ್ರ ಬಾಗಿಲು ಬಂದ್. ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನದೂ ಹೆಚ್ಚುಕಡಿಮೆ ಇದೇ ಕಥೆ. 1897ರಲ್ಲಿ ನಾಲ್ವರು ಅಲ್ಲಿ ಆಲ್ಫಾ ಓಮಿಕ್ರಾನ್ ಪೈ ಕಟ್ಟಿದರು. ಅವರಲ್ಲೊಬ್ಬಳಾದ ಜೆಸ್ಸಿ ವ್ಯಾಲೆಸ್ ಹ್ಯೂಗನ್ ಪಕ್ಕಾ ಸಮಾಜವಾದಿ, ಯುದ್ಧವಿರೋಧಿ. 1909ರಲ್ಲಿ ಅಲ್ಲೇ ಯಹೂದಿ ಹುಡುಗಿಯರು ಆಲ್ಫಾ ಎಪ್ಸಿಲಾನ್ ಫೈ ಅಂತ ತಮ್ಮದೇ ಮನೆ ಮಾಡಿಕೊಂಡರು. ಒಳಗೆ ಕರೆಯದಿದ್ದರೆ ನಾವೇ ಒಂದು ಒಳಗು ಕಟ್ಟಿಕೊಳ್ಳುತ್ತೇವೆ ಅನ್ನುವ ಹಟ ನನಗೆ ಅರ್ಥವಾಗುತ್ತದೆ. ಫ್ರೀಡಾ ಕರ್ಚ್‌ವೇ ಅನ್ನುವ ವಿದ್ಯಾರ್ಥಿನಿಗೆ ಮಾತ್ರ ಈ ಒಳಗು ಹೊರಗಿನ ಆಟವೇ ಬೇಡವಾಗಿತ್ತು. ಅವಳು ಹಿಡಿದ ಹಟಕ್ಕೆ 1913ರಲ್ಲಿ ಬಾರ್ನಾರ್ಡ್ ಹೊಸಬರ ಸೇರ್ಪಡೆ ನಿಲ್ಲಿಸಿತು. ಇದೇ ಫ್ರೀಡಾ ಮುಂದೆ ‘ದಿ ನೇಷನ್’ ಪತ್ರಿಕೆಯ ಸಂಪಾದಕಿಯಾಗಿ ಹೆಸರು ಮಾಡಿದಳು. ಬಾರ್ನಾರ್ಡಿನ ಹುಡುಗಿಯರೇನು ಸುಮ್ಮನಾದರೇ? ಈಗ ರಸ್ತೆ ದಾಟಿ ಎದುರಿನ ಕೊಲಂಬಿಯಾದ ಸೊರಾರಿಟಿಗೆ ಸೇರುತ್ತಾರೆ.

ಹೊರಗೆ ಹಾಕಿದರೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ವೆಸ್ಲಿಯನ್‌ನಲ್ಲಿ ಸಂಘದ ಜಾಗಕ್ಕೆ ತರಗತಿಗಳು ಬಂದವು. ಒಂದೊಂದು ವರ್ಷದ ತಂಡಕ್ಕೂ ಒಂದೊಂದು ಹೆಸರು, ಬಣ್ಣ, ಹೊಸಬರಿಗೆ ಇಲಿಗಳೆಂಬ ಬಿರುದು ಮತ್ತು ಕೀಟಲೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಒಂದು ತಂಡ, ಕಪ್ಪು ಜನರ ಮೇಲೆ ಹಿಂಸೆ ನಡೆಸಿದ ಕು ಕ್ಲಕ್ಸ್ ಕ್ಲಾನಿನ ಹೆಸರನ್ನೇ ಇಟ್ಟುಕೊಂಡಿತ್ತು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಆ ಇತಿಹಾಸಕ್ಕಾಗಿ 2017ರಲ್ಲಿ ಕಾಲೇಜು ಬಹಿರಂಗವಾಗಿ ಕ್ಷಮೆ ಕೇಳಿತು. ಬೈಲಾ ಹರಿದು ಹಾಕಿದರೂ, ‘ನಾವು’ ಅನ್ನಬೇಕಾದರೆ ಎದುರಿಗೆ ಯಾರಾದರೂ ‘ಅವರು’ ಇರಲೇಬೇಕು ಅನ್ನುವ ಚಟ ಅಷ್ಟು ಸುಲಭಕ್ಕೆ ಬಿಡುವುದಲ್ಲ.

ಪುಟ್ಟಿಯ ಕಾಲೇಜಿನಲ್ಲಿ ಸೊರಾರಿಟಿಯವರಿಗೆ ಬೇರೆ ಕಟ್ಟಡವಿಲ್ಲ, ಹಾಸ್ಟೆಲಿನದೇ ಒಂದು ಅಂತಸ್ತು. ಯಾಕೆ ಅಂತ ಕೇಳಿದ್ದಕ್ಕೆ ಅವಳು ನಾಚಿಕೊಂಡು ಹೇಳಿದಳು: ಇಷ್ಟಕ್ಕಿಂತ ಹೆಚ್ಚು ಹೆಂಗಸರು ಒಂದು ಮನೆಯಲ್ಲಿದ್ದರೆ ಹಳೆಯ ಕಾನೂನಿನ ಪ್ರಕಾರ ಅದು ವೇಶ್ಯಾಗೃಹವಂತೆ. ಎಷ್ಟು ಜನ? ಒಬ್ಬಳು ಆರು ಅಂದಳಂತೆ, ಇನ್ನೊಬ್ಬಳು ಎಂಟು. ಈ ಕಥೆ ಅಮೆರಿಕದ ಕಾಲೇಜು ಕಾಲೇಜಿನಲ್ಲೂ ಓಡಾಡುತ್ತದೆ. ಹುಡುಕಿ ಸೋತವರು ಅಂಥ ಕಾನೂನು ಎಲ್ಲೂ ಇಲ್ಲ ಅಂತ ಕೈಚೆಲ್ಲಿದ್ದಾರೆ, ಕಥೆ ಮಾತ್ರ ಗಟ್ಟಿಯಾಗಿದೆ. ಪಕ್ಕದಲ್ಲೇ ನೂರಾರು ಹೆಣ್ಣುಮಕ್ಕಳು ಮಲಗುವ ಹಾಸ್ಟೆಲ್ ಇಟ್ಟುಕೊಂಡು ಇದನ್ನು ನಂಬುವವರ ಗಣಿತಕ್ಕೆ ಏನು ಹೇಳುವುದು!

ಇಷ್ಟೆಲ್ಲ ಚುಚ್ಚಿದ ಮೇಲೆ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಕಪ್ಪು ಹೆಣ್ಣುಮಕ್ಕಳ ಸೊರಾರಿಟಿಗಳ ಮುಂದೆ ನನ್ನ ಕೊಂಕು ನಡೆಯುವುದಿಲ್ಲ. 1908ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಆಲ್ಫಾ ಕಪ್ಪಾ ಆಲ್ಫಾ, 1913ರಲ್ಲಿ ಅಲ್ಲೇ ಹುಟ್ಟಿದ ಡೆಲ್ಟಾ ಸಿಗ್ಮಾ ಥೀಟಾ, ಇವೆರಡೂ ಅಟ್ಲಾಂಟಾದ ಸ್ಪೆಲ್ಮನ್ ಮಹಿಳಾ ಕಾಲೇಜಿನಲ್ಲೂ ಬೇರುಬಿಟ್ಟಿವೆ. ಅಲ್ಲಿ ಬಾಗಿಲಲ್ಲಿ ಹಾಡಿಲ್ಲ, ಚಪ್ಪಾಳೆಯಿಲ್ಲ. ಸೇರುವ ಆಸೆಯನ್ನು ಬಾಯಿಬಿಟ್ಟು ಹೇಳಿಕೊಂಡು ತಿರುಗಿದವಳ ಆಸೆ ಕೆಡುವುದೇ ಹೆಚ್ಚು. ಕಾಲೇಜು ಮುಗಿದರೂ ಸಂಬಂಧ ಮುಗಿಯುವುದಿಲ್ಲ. 1986ರಲ್ಲಿ ಹೊವಾರ್ಡಿನಲ್ಲಿ ಕಮಲಾ ಹ್ಯಾರಿಸ್ ಆಲ್ಫಾ ಕಪ್ಪಾ ಆಲ್ಫಾ ಸೇರಿದರು. 2020ರಲ್ಲಿ ಆಕೆ ಉಪಾಧ್ಯಕ್ಷ ಹುದ್ದೆಗೆ ನಿಂತಾಗ ದೇಶದ ಮೂಲೆಮೂಲೆಯ ‘ಅಕ್ಕತಂಗಿಯರು’ ಸರಿಯಾಗಿ 19 ಡಾಲರ್ 8 ಸೆಂಟಿನಂತೆ ದೇಣಿಗೆ ಕಳಿಸಿದರು. ಸಂಘ ಹುಟ್ಟಿದ ವರ್ಷವನ್ನೇ ದುಡ್ಡಾಗಿಸಿದ ಆ ಜಾಣತನಕ್ಕೆ ನಾನು ಸೋತೆ.

ನಮ್ಮ ಕಡೆಯವರೂ ಹಿಂದೆ ಬಿದ್ದಿಲ್ಲ. 1998 ಒಂದೇ ವರ್ಷದಲ್ಲಿ ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೇಗಾ, ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ನ್ಯೂಯಾರ್ಕಿನಲ್ಲಿ ಸಿಗ್ಮಾ ಸಿಗ್ಮಾ ರೋ ಅಂತ ದಕ್ಷಿಣ ಏಷ್ಯಾದ ಹುಡುಗಿಯರ ಮೂರು ಸೊರಾರಿಟಿ ಹುಟ್ಟಿದವು. ಒಂದೇ ವರ್ಷಕ್ಕೆ ಮೂರು! ನಮ್ಮವರು ಅಂತ ಬೇರೆ ಸಾಕ್ಷಿ ಬೇಕೇ?

ಪುಟ್ಟಿಯ ಕಾಲೇಜಿನಲ್ಲಿ ಅದ್ಯಾವುದೂ ಇಲ್ಲ. ಅವಳಿಗೆ ಎರಡನೇ ಆಯ್ಕೆಯ ಮನೆಯಿಂದ ಲಕೋಟೆ ಬಂತು. ಗ್ರೀಕ್ ಅಕ್ಷರದ ಟೀಶರ್ಟು ತೊಟ್ಟು, ಕುಣಿದು, ಕಿರುಚಿ, ಫೋಟೋ ಕಳಿಸಿ ಮರುದಿನ ಅಜ್ಜಿಗೆ ಫೋನು ಮಾಡಿದಳು. ಸೆಮಿಸ್ಟರಿಗೆ ಎಷ್ಟು ಕಟ್ಟಬೇಕು ಅಂತ ಅತ್ತೆ ಮೊದಲೇ ಕೇಳಿ ತಿಳಿದಿದ್ದರು, ಅದನ್ನು ರೂಪಾಯಿಗೆ ತಿರುಗಿಸಿ ಕ್ಯಾಲೆಂಡರಿನ ಹಿಂದೆ ಬರೆದೂ ಇಟ್ಟಿದ್ದರು.

“ಈ ಶರ್ಟಿಗೆ ಬೇರೆ ದುಡ್ಡೇನೇ?”

“ಇಲ್ಲ ಅಜ್ಜಿ, ಇದು ಫ್ರೀ!”

“ಓಹೋ,” ಅಂದರು ಅತ್ತೆ, ಕ್ಯಾಲೆಂಡರ್ ಕೈಗೆತ್ತಿಕೊಂಡು. “ಹಾಗಾದ್ರೆ ಇನ್ನೆರಡು ಕೇಳಿ ಇಸ್ಕೋ. ನಿಮ್ಮಮ್ಮನಿಗೊಂದು, ನನಗೊಂದು.”