ತುಮಕೂರಿನ ಬಟವಾಡಿಗೆ ಬರಲಿರುವ ಮಳೆನೀರಿನವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮಳೆನೀರಿನವರ ಸನ್ನಿಧಾನಕ್ಕೆ,

ವಿಷಯ: ಮನೆ ಮತ್ತು ಅಂಗಡಿಗಳಿಗೆ ನುಗ್ಗುವ ಸಂದರ್ಭದಲ್ಲಿ ಪಾಲಿಸತಕ್ಕ ಪ್ರಮಾಣಗಳ ಬಗ್ಗೆ.

ತುಮಕೂರು ಜಿಲ್ಲೆಯಲ್ಲಿ ಬೀಳುವ ಮಳೆಯ ಒಂದು ಪಾಲು ಶಿಂಷಾ ನದಿಯಾಗಿ ಹರಿದು, ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ಹಾದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತದೆ. ಅಲ್ಲಿ ಮೈಸೂರು ಅರಸರ ಕಾಲದಲ್ಲಿ ಅಳವಡಿಸಿದ ಸೈಫನ್‌ಗಳು, ಅಂದರೆ ನೀರು ನಿಗದಿತ ಮಟ್ಟ ಮುಟ್ಟಿದೊಡನೆ ಯಾರೂ ಗೇಟು ಎತ್ತದೆಯೇ ಹೆಚ್ಚುವರಿಯನ್ನು ಹೊರಹಾಕುವ ಕೊಳವೆಮಾರ್ಗಗಳು, ಇಂದಿಗೂ ಕೆಲಸ ಮಾಡುತ್ತಿವೆ. ಯಾರ ರುಜುವೂ ಇಲ್ಲದೆ ಒಂದು ವ್ಯವಹಾರ ಮುಂದೆ ಸಾಗುವ ತಾಣ ಜಿಲ್ಲೆಯಲ್ಲಿ ಇದೊಂದೇ ಇರಬೇಕು. ಆ ಸಲಿಗೆಯಿಂದ ಮಳೆನೀರಿನವರು ಎಲ್ಲೆಡೆಯೂ ಹೀಗೆಯೇ ನಡೆಯುತ್ತದೆಂದು ಭಾವಿಸಿ ಬಟವಾಡಿಯ ಹೊಸ್ತಿಲುಗಳನ್ನೂ ದಾಟಿಬಿಡುವ ಸಂಭವವಿರುವುದರಿಂದ, ಪೇಟೆಯಲ್ಲಿ ಹಾನಿ ಮಾಡುವುದಕ್ಕೂ ಒಂದು ಕ್ರಮವಿದೆಯೆಂಬುದನ್ನು ಮುಂಚಿತವಾಗಿ ಅರಿಕೆ ಮಾಡಿಕೊಳ್ಳಲಾಗಿದೆ.

ಕೇಂದ್ರ ಗೃಹ ಸಚಿವಾಲಯವು 2022ರಿಂದ 2026ರವರೆಗಿನ ಅವಧಿಗೆ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ, ಎಂದರೆ ಕೇಂದ್ರವೂ ರಾಜ್ಯವೂ ಪಾಲು ಹಾಕಿ ಇಟ್ಟಿರುವ ತುರ್ತು ಹಣದಿಂದ, ಒಂದು ಕುಟುಂಬಕ್ಕೆ ಬಟ್ಟೆಬರೆಗೆಂದು 2,500 ಮತ್ತು ಪಾತ್ರೆಪಡಗಕ್ಕೆಂದು 2,500 ರೂಪಾಯಿ ಸಿಗಬೇಕಾದರೆ ಮನೆ ಕೊಚ್ಚಿಹೋಗಿರಬೇಕು, ಪೂರ್ತಿ ಹಾಳಾಗಿರಬೇಕು, ಇಲ್ಲವೇ ಎರಡು ದಿನಕ್ಕಿಂತ ಹೆಚ್ಚು ಕಾಲ ಮುಳುಗಿರಬೇಕು. ಹಾಸಿಗೆ, ಮಕ್ಕಳ ಪಠ್ಯಪುಸ್ತಕ, ಫ್ರಿಜ್ಜಿನ ಮೋಟಾರು, ಡಬ್ಬದ ಹಿಟ್ಟು ಇವೆಲ್ಲ ಕೆಡಲು ಎರಡು ಗಂಟೆ ಧಾರಾಳವಾಗಿ ಸಾಕು ಎಂಬುದು ನಿಜವಾದರೂ, ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಚರಂಡಿ ಹಿಡಿದು ಹೊರಟುಹೋಗುವ ಚಾಳಿಯನ್ನು ಮಳೆನೀರಿನವರು ಇನ್ನಾದರೂ ಬಿಡತಕ್ಕದ್ದು. 2019 ಮತ್ತು 2022ರ ನೆರೆಯಲ್ಲಿ ರಾಜ್ಯ ಸರ್ಕಾರ ತನ್ನ ಕಡೆಯಿಂದಲೂ ಸೇರಿಸಿ, ನೀರು ನುಗ್ಗಿದ ಮನೆಗೆ 10,000 ರೂಪಾಯಿ ಕೊಟ್ಟದ್ದುಂಟು. ಆ ಔದಾರ್ಯವನ್ನು ಮರೆಯುವಂತಿಲ್ಲ, ಮತ್ತೆ ಬರುತ್ತದೆಂದು ನೆಚ್ಚಿ ಕೂರುವಂತೆಯೂ ಇಲ್ಲ.

ಗೋಡೆಗಳ ವಿಚಾರದಲ್ಲಿ ಇನ್ನಷ್ಟು ಲೆಕ್ಕಾಚಾರ ಬೇಕು. 2022ರಲ್ಲಿ ರಾಜ್ಯವು ಅನುಸರಿಸಿದ ವರ್ಗೀಕರಣದಂತೆ ಶೇ 75ಕ್ಕಿಂತ ಹೆಚ್ಚು ಹಾನಿಯಾದ ಮನೆ ‘ಎ’ ವರ್ಗಕ್ಕೆ ಸೇರಿ 5 ಲಕ್ಷ ರೂಪಾಯಿ ಪಡೆಯುತ್ತಿತ್ತು. ಶೇ 25ರಿಂದ 75ರವರೆಗಿನದು ‘ಬಿ’ ಆಗಿ, ಕೆಡವಿ ಕಟ್ಟಿದರೆ 5 ಲಕ್ಷ, ದುರಸ್ತಿಗಾದರೆ 3 ಲಕ್ಷ. ಶೇ 15ರಿಂದ 25ರದು ‘ಸಿ’ ಆಗಿ 50 ಸಾವಿರ. ಶೇ 14ಕ್ಕೆ ನಿಂತುಬಿಡುವ ನೀರು ಮನೆಯವರಿಗೆ ಗೋಡೆಯನ್ನೂ ಉಳಿಸುವುದಿಲ್ಲ, ದುಡ್ಡನ್ನೂ ತರುವುದಿಲ್ಲ. ಈ ಶೇಕಡಾವಾರನ್ನು ಸ್ಥಳಕ್ಕೆ ಬಂದ ಎಂಜಿನಿಯರರು ಮತ್ತು ಗ್ರಾಮ ಆಡಳಿತ ಅಧಿಕಾರಿಗಳು ಕಣ್ಣಳತೆಯಲ್ಲೇ ಗುರುತಿಸಿ, ಫೋಟೊ ತೆಗೆದು, ಮಹಜರು ಬರೆದು, ಎಂದರೆ ಕಂಡದ್ದನ್ನು ಸಾಕ್ಷಿಗಳ ಸಹಿಯೊಂದಿಗೆ ದಾಖಲಿಸಿ ಹೋಗುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ: ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಉಳಿದಿರುವ ಮಣ್ಣಿನ ಗೋಡೆಗಳು ಮಳೆ ಸುರಿಯುತ್ತಿರುವಾಗ ಎದೆ ಸೆಟೆದು ನಿಂತಿದ್ದು, ನೀರು ಕುಡಿದ ಮಣ್ಣು ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ಮೇಲೆ, ಅಧಿಕಾರಿಗಳ ಜೀಪು ಊರು ದಾಟಿದ ನಂತರ, ಹೆಂಚುಗಳ ಸಮೇತ ಕುಸಿಯುತ್ತವೆ. ಸಮಯಪಾಲನೆ ಇಲ್ಲದ ಇಂಥ ಗೋಡೆಗಳ ಮೇಲೆ ಮಳೆನೀರಿನವರು ತಕ್ಕ ಪ್ರಭಾವ ಬೀರಬೇಕೆಂದು ಕೋರಲಾಗಿದೆ.

ಮನೆಗಳ ಮಾತು ಹೀಗಾದರೆ, ವ್ಯಾಪಾರಸ್ಥರ ವಿಚಾರದಲ್ಲಿ ಮಳೆನೀರಿನವರ ನಡತೆಗೆ ಸಮರ್ಥನೆಯೇ ಇಲ್ಲ. ಬಟವಾಡಿಯಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣವಿದ್ದು, ಹುಣಸೆಹಣ್ಣು, ರಾಗಿ, ಅಡಿಕೆಗಳ ಮೂಟೆಗಳು ಗೋದಾಮುಗಳಲ್ಲಿ ಕೂತಿರುತ್ತವೆ. ಸುತ್ತಿನ ಬೀದಿಗಳಲ್ಲಿ ದಿನಸಿ ಅಂಗಡಿಗಳಿವೆ. ಅಂಥ ಅಂಗಡಿಯೊಂದಕ್ಕೆ ಮೊಣಕಾಲುದ್ದ ನೀರು ಬಂದಿತೆಂದರೆ, ಕೆಳಗಿನ ಸಾಲಿನ ಸಕ್ಕರೆ, ಬೆಲ್ಲ, ಉಪ್ಪು ಕರಗಿ ನೀರಿನೊಂದಿಗೇ ಹೊರಟುಹೋಗುವುದರಿಂದ ಖಾಲಿ ಚೀಲದ ಹೊರತು ಸಾಕ್ಷಿ ಉಳಿಯುವುದಿಲ್ಲ. ಇದು ಕಾನೂನಿನ ದೃಷ್ಟಿಯಲ್ಲಿ ಸಾಕ್ಷ್ಯನಾಶ. ರಾಗಿಯಾದರೋ ಪ್ರಾಮಾಣಿಕವಾದ ಧಾನ್ಯ, ಮೂಟೆಯೊಳಗೇ ಮೊಳಕೆಯೊಡೆದು ತನಗಾದದ್ದನ್ನು ತಾನೇ ಹೇಳುತ್ತದೆ. ಹುಣಸೆಹಣ್ಣಿನ ಕಥೆ ಎಲ್ಲಕ್ಕಿಂತ ವಿಚಿತ್ರವಾದದ್ದು: ನೀರು ಹೀರಿದ ಮೂಟೆಯನ್ನು ತಕ್ಕಡಿಗೆ ಏರಿಸಿದರೆ ಮೊದಲಿಗಿಂತ ಹೆಚ್ಚು ತೂಗುವುದರಿಂದ, ಕೇವಲ ತೂಕದ ಪುಸ್ತಕ ನೋಡುವವರಿಗೆ ವರ್ತಕನು ಪ್ರವಾಹದಿಂದ ಲಾಭ ಮಾಡಿಕೊಂಡಂತೆ ಕಾಣುತ್ತದೆ.

ಇಷ್ಟಾಗಿಯೂ ಇದಕ್ಕೆಲ್ಲ ಬರೆದುಕೊಳ್ಳಲು ಕಾಲಂ ಇಲ್ಲ. ಮೇಲೆ ಹೇಳಿದ ಮಾರ್ಗಸೂಚಿಯಲ್ಲಿ ಕೈಮಗ್ಗ ಮತ್ತು ಕರಕುಶಲದವರಿಗೆ ಉಪಕರಣಕ್ಕೆ 5,000, ಕಚ್ಚಾಸಾಮಗ್ರಿಗೆ 5,000 ರೂಪಾಯಿ ಇದೆ. ದಿನಸಿ ಅಂಗಡಿ, ಹಿಟ್ಟಿನ ಗಿರಣಿ, ಜೆರಾಕ್ಸ್ ಅಂಗಡಿ, ಬೇಕರಿಗಳ ಹೆಸರಿಲ್ಲ. ಲ್ಯಾಟಿನ್ ಅಮೆರಿಕದ ವಿಶ್ವಸಂಸ್ಥೆ ಆಯೋಗವು 1970ರ ದಶಕದಲ್ಲಿ ರೂಪಿಸಿ, ಮುಂದೆ ವಿಶ್ವಬ್ಯಾಂಕ್ ಕೂಡ ಬಳಸಿದ ಅಂದಾಜು ವಿಧಾನವೊಂದು ‘ಹಾನಿ’ಯನ್ನೂ ‘ನಷ್ಟ’ವನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ: ಕೆಟ್ಟುಹೋದ ಗಿರಣಿ ಹಾನಿ, ಗಿರಣಿ ರಿಪೇರಿಯಾಗುವತನಕ ತಪ್ಪಿಹೋದ ದುಡಿಮೆ ನಷ್ಟ. ಷಟರು ಎಳೆದ ಅಂಗಡಿಯ ಮುಂದೆ ನಿಂತು ಹಾನಿಯನ್ನೇ ಕಾಣದವರಿಗೆ ನಷ್ಟ ಕಾಣಲೆಂದು ಬಯಸುವುದು ಅತಿಯಾಸೆಯೇ ಸರಿ. ವಿಮೆ ಇದ್ದವರ ಪಾಡು ತುಸು ವಾಸಿ. ಆದರೆ ಕಂತು ಉಳಿಸಲೆಂದು ಸರಕಿನ ಅರ್ಧ ಬೆಲೆಗಷ್ಟೇ ವಿಮೆ ಇಳಿಸಿದ್ದವನಿಗೆ, ‘ಸರಾಸರಿ’ ಎಂಬ ಷರತ್ತಿನಡಿ, ಆದ ನಷ್ಟದಲ್ಲೂ ಅರ್ಧವೇ ಕೈಗೆ ಬರುತ್ತದೆ.

ಆದ ನಷ್ಟಕ್ಕಿಂತ ಕಡಿಮೆ ಕೊಡುವ ಈ ಅಳತೆ ಬಡವನಿಗಷ್ಟೇ ಮೀಸಲೆಂದು ಮಳೆನೀರಿನವರು ಮರುಗಬೇಕಿಲ್ಲ. 2019ರ ನೆರೆಯ ನಂತರ ಕರ್ನಾಟಕವು ಸುಮಾರು 35 ಸಾವಿರ ಕೋಟಿ ರೂಪಾಯಿ ಹಾನಿಯಾಗಿದೆಯೆಂದು ದೆಹಲಿಗೆ ಲೆಕ್ಕ ಒಪ್ಪಿಸಿದಾಗ, ಆ ಅಕ್ಟೋಬರಿನಲ್ಲಿ ಮೊದಲ ಕಂತಾಗಿ ಬಂದದ್ದು 1,200 ಕೋಟಿ. ಬಟವಾಡಿಯ ದಿನಸಿ ಅಂಗಡಿಯವನೂ ವಿಧಾನಸೌಧವೂ ಒಂದೇ ಸರತಿಯಲ್ಲಿ, ಒಂದೇ ಬಗೆಯ ಅರ್ಜಿ ಹಿಡಿದು ನಿಂತ ಅಪರೂಪದ ಸಮಾನತೆ ಅದು.

ಕೊನೆಯದಾಗಿ, ಮನೆ ಬಿದ್ದದ್ದಕ್ಕೆ ಬರುವ ಹಣ ಖಾತೆದಾರನಿಗೆ, ಎಂದರೆ ಆಸ್ತಿಯ ದಾಖಲೆಯಲ್ಲಿ ಹೆಸರಿರುವವನಿಗೆ ಸಲ್ಲುತ್ತದೆ. ನೆಲಮಹಡಿಯಲ್ಲಿ ಬಾಡಿಗೆಗೆ ಅಂಗಡಿ ಇಟ್ಟವನ ಹೆಸರು ಅಲ್ಲಿರುವುದಿಲ್ಲ, ಮಾಲೀಕನು ಸಾಮಾನ್ಯವಾಗಿ ಮೊದಲ ಮಹಡಿಯಲ್ಲಿರುತ್ತಾನೆ. ಆದುದರಿಂದ ಮಳೆನೀರಿನವರು ಮುಂದಿನ ಬಾರಿ ಎರಡನೇ ಮತ್ತು ನಾಲ್ಕನೇ ಶನಿವಾರ ಹಾಗೂ ಭಾನುವಾರ ಹೊರತುಪಡಿಸಿ ಕಚೇರಿ ವೇಳೆಯಲ್ಲಿ ದಯಮಾಡಿಸಿ, ಮೊದಲು ಖಾತೆ ಯಾರ ಹೆಸರಿನಲ್ಲಿದೆಯೆಂದು ವಿಚಾರಿಸಿಕೊಂಡು, ಅನಂತರ ಮೆಟ್ಟಿಲು ಹತ್ತಬೇಕಾಗಿ ವಿನಂತಿ.

ಇಂತಿ,
ಕಾಲಂ ಇಲ್ಲದ ಬಾಡಿಗೆದಾರರು ಮತ್ತು ವರ್ತಕರು,
ಬಟವಾಡಿ, ತುಮಕೂರು